ಭಾವ ಮರ್ಯಾದೆ ಕಲಿತದ್ದು

ನಮ್ಮ ಭಾವ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮರ್ಯಾದೆ ಕಲಿಯಲು ಕೂತರು ಎಂದರೆ ನೀವು ತಪ್ಪು ತಿಳಿಯಬಾರದು. ಅವರು ಮೊದಲಿನಿಂದಲೂ ಮರ್ಯಾದಸ್ಥರೇ. ಬಸ್ಸಿನಲ್ಲಿ ತಮ್ಮ ಕಾಲು ತುಳಿದವರಿಗೆ ತಾವೇ ‘ಕ್ಷಮಿಸಿ’ ಎನ್ನುವ ಪೈಕಿ. ಇದು ಬೇರೆ ಮರ್ಯಾದೆ. ಕಂಪ್ಯೂಟರಿಗೆ ಕೆಲಸ ಹೇಳಲು ಮನುಷ್ಯರು ಮಾಡಿಕೊಂಡ ನೂರಾರು ಭಾಷೆಗಳಿವೆಯಲ್ಲ, ಅವುಗಳಲ್ಲಿ ಒಂದರ ಹೆಸರು ಮರ್ಯಾದೆ. ಪ್ರಪಂಚದಲ್ಲಿ ಅದನ್ನು ಬಲ್ಲವರು ಒಬ್ಬರೇ ಇದ್ದರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಆ ವಿಷಯ ಊರಿಗೆಲ್ಲ ಗೊತ್ತಿತ್ತು, ಅವರ ಕಂಪ್ಯೂಟರೊಂದನ್ನು ಬಿಟ್ಟು.

ಈ ಯಂತ್ರ ಇದ್ದದ್ದು ಜನನ ಮರಣ ನೋಂದಣಿ ಕಚೇರಿಯಲ್ಲಿ. ಅದರ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಹುಟ್ಟಿದರೂ ಮೂರು ಪ್ರತಿ, ಸತ್ತರೂ ಮೂರು ಪ್ರತಿ ಬೇಕಾಗುವುದರಿಂದ ಆ ಕಚೇರಿಯ ಒಳಗುಟ್ಟು ನನಗೆ ತಿಳಿದಷ್ಟು ಅಲ್ಲಿನ ಸಾಹೇಬರಿಗೂ ತಿಳಿಯದು. ಯಂತ್ರವನ್ನು ಪಳಗಿಸಿದವರು ದೊಡ್ಡ ಗುಮಾಸ್ತರು. ಇಪ್ಪತ್ತೆರಡು ವರ್ಷ ಕಿಟಕಿಯ ಹಿಂದೆ ಕೂತು, ಭಾನುವಾರಗಳಲ್ಲಿ ಆ ಭಾಷೆಯನ್ನು ತಾವೇ ಹುಟ್ಟಿಸಿ, ರಿಜಿಸ್ಟರಿನ ಕೆಲಸವನ್ನೆಲ್ಲ ಅದರಲ್ಲಿ ಬರೆದು ಯಂತ್ರಕ್ಕೆ ತುಂಬಿದ್ದರು. ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೊರಟವರು ಅಂಚೆ ಕಚೇರಿಯ ತಿರುವಿನಲ್ಲಿ ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಅಂದಿನಿಂದ ಪ್ರತಿದಿನ ಸರಿಯಾಗಿ ಒಂದು ಗಂಟೆಗೆ, ಯಾರೂ ಮುಟ್ಟದೆ, ಪ್ರಿಂಟರು ಕರಕರ ಎಂದು ಒಂದು ಸಾಲು ಹೊರಗೆ ಹಾಕುತ್ತಿತ್ತು: ‘ಊಟ ಆಯ್ತಾ?’ ಇದರಲ್ಲಿ ಹೆದರುವಂಥದ್ದೇನಿದೆ ಎಂದು ನೀವು ಕೇಳಬಹುದು. ಖಾಲಿ ಕುರ್ಚಿಯ ಕಡೆಯಿಂದ ಯಾರಾದರೂ ನಿಮ್ಮನ್ನು ಊಟ ಆಯ್ತಾ ಎಂದು ವಿಚಾರಿಸಲಿ, ಆಮೇಲೆ ಊಟ ಎಷ್ಟು ಸೇರುತ್ತದೋ ನೋಡೋಣ. ರೆಕಾರ್ಡ್ ರೂಮಿನ ಗುಮಾಸ್ತರು, ಅಂದರೆ ಎಲ್ಲರೂ ‘ರೆಕಾರ್ಡಿನವರು’ ಎಂದು ಕರೆಯುವವರು, ಆರು ವರ್ಷದಿಂದ ಡಬ್ಬಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದು ಉಣ್ಣುತ್ತಿದ್ದರು. ಕಚೇರಿಯ ಮುಂಬಾಗಿಲು ಕೂಡ ಅಂದಿನಿಂದ ಪೂರ್ತಿ ಮುಚ್ಚುತ್ತಿರಲಿಲ್ಲ. ಎಷ್ಟು ತಳ್ಳಿದರೂ ಒಂದು ಗೇಣು ತೆರೆದೇ ನಿಲ್ಲುತ್ತಿತ್ತು. ಸಂಜೆ ಸರಪಳಿ ಸುತ್ತಿ ಬೀಗ ಹಾಕುತ್ತಿದ್ದರು. ಬಡಗಿ ಮೂರು ಸಲ ಬಂದು ಹೆರೆದು ಹೋದ. ನಾಲ್ಕನೆಯ ಸಲ, “ಬಾಗಿಲಲ್ಲಿ ಏನೂ ದೋಷ ಇಲ್ಲ ಸ್ವಾಮಿ, ಯಾರೋ ಅಡ್ಡ ನಿಂತ ಹಾಗಿದೆ” ಎಂದವನು ತನ್ನ ಉಳಿಯನ್ನೂ ಬಿಟ್ಟು ಹೊರಟುಹೋದ.

ಇಂಥ ಕಚೇರಿಗೆ ನಮ್ಮ ಭಾವನಿಗೆ ವರ್ಗವಾಯಿತು. ಮೊದಲ ದಿನವೇ ಸಾಹೇಬರು ಒಳಗೆ ಕರೆದು, ಕೂರಲೂ ಹೇಳದೆ, ಕನ್ನಡಕದ ಮೇಲಿನಿಂದ ನೋಡಿ ಕೇಳಿದರು.

“ನಿಮಗೆ ಮರ್ಯಾದೆ ಗೊತ್ತೇನ್ರೀ?”

ಭಾವ ಗಾಬರಿಯಾದರು. ಬಾಗಿಲು ತಟ್ಟದೆ ಬಂದೆನೇ, ನಮಸ್ಕಾರ ಹೇಳಲು ಮರೆತೆನೇ ಎಂದು ಒಂದೇ ಉಸಿರಿಗೆ ಲೆಕ್ಕ ಹಾಕಿ, ಕೈ ಕಟ್ಟಿಕೊಂಡು, “ಗೊತ್ತು ಸಾರ್” ಎಂದರು.

“ನಿಜವಾಗ್ಲೂ? ಎಲ್ಲಿ ಕಲಿತ್ರಿ?”

“ಮನೇಲೇ ಸಾರ್. ನಮ್ಮಮ್ಮ ಚಿಕ್ಕಂದಿನಲ್ಲೇ ಹೇಳ್ಕೊಟ್ಟಿದಾರೆ.”

“ನಿಮ್ಮಮ್ಮ! ಅವರಿಗೆ ಯಾರು ಕಲಿಸಿದ್ದು?”

“ನಮ್ಮಜ್ಜಿ ಸಾರ್. ನಮ್ಮ ಮನೆತನದಲ್ಲಿ ಎಲ್ಲರಿಗೂ ಇದೆ. ನನ್ನ ಹೆಂಡತಿಗೆ ಮಾತ್ರ ಸ್ವಲ್ಪ ಕಡಿಮೆ.”

ಸಾಹೇಬರು ಕುರ್ಚಿಯಿಂದ ಎದ್ದು ಬಂದು ಭಾವನ ಎರಡೂ ಕೈ ಹಿಡಿದುಕೊಂಡರು. “ಮೂರು ತಲೆಮಾರು!” ಎಂದು ಅವರು ಕೂಗಿದ್ದು ರಸ್ತೆಯ ಈಚೆ ನನಗೂ ಕೇಳಿಸಿತು.

ವಿಷಯ ಏನೆಂದು ಭಾವನಿಗೆ ತಿಳಿಯುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಸಿಬ್ಬಂದಿಯೆಲ್ಲ ಆಗಲೇ ಮಾಯ. ಪ್ರಿಂಟರು ‘ಊಟ ಆಯ್ತಾ?’ ಎಂದು ಕೇಳಿತು. ಕೇಳಿದವರಿಗೆ ಉತ್ತರ ಕೊಡದೆ ಇರುವುದು ಭಾವನ ಜಾಯಮಾನದಲ್ಲೇ ಇಲ್ಲ. ಕೀಲಿಮಣೆಯ ಮುಂದೆ ಬಾಗಿ, ‘ಆಯ್ತು, ನಿಮ್ದು?’ ಎಂದು ಒತ್ತಿದರು. ಆಮೇಲೆ ಪ್ರಿಂಟರು ಆರು ವರ್ಷದಲ್ಲಿ ಮೊದಲ ಸಲ ಬೇರೊಂದು ಮಾತಾಡಿತು: ‘ಆಗ್ಬೇಕು.’

ಮರೆತ ಚಮಚ ತರಲು ಹಿಂತಿರುಗಿದ್ದ ರೆಕಾರ್ಡಿನವರು ಅದನ್ನು ಕಂಡು ಡಬ್ಬಿ ಕೆಳಗೆ ಹಾಕಿದರು. ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಹರಡಿತು. ಯಾರಾದರೂ ಕೇಳಿದರೆ ನಮ್ಮ ಭಾವ, ಸುಳ್ಳು ಹೇಳಿದ ಹಾಗೂ ಆಗಬಾರದು, ಬಂದ ಗೌರವವೂ ಹೋಗಬಾರದು ಎಂದು, “ಏನೋ, ಅಲ್ಪ ಸ್ವಲ್ಪ” ಎಂದು ನಕ್ಕರು. ಅಲ್ಲಿಗೆ ಅವರು ಪೂರ್ತಿ ಸಿಕ್ಕಿಬಿದ್ದರು.

ಸೋಮವಾರ ಬಂತು, ಸೋಮವಾರದಮ್ಮನೂ ಬಂದರು. ಅವರು ದೊಡ್ಡ ಗುಮಾಸ್ತರ ಹೆಂಡತಿ. ಆರು ವರ್ಷದಿಂದ ಪ್ರತಿ ಸೋಮವಾರ ಗಂಡನ ಮರಣ ಪತ್ರ ಕೇಳಿಕೊಂಡು ಬರುತ್ತಿದ್ದರು. ಗಂಡನ ಹೆಸರು ಒತ್ತಿದಾಗಲೆಲ್ಲ ಗಂಡನ ಯಂತ್ರವೇ ಹೇಳುತ್ತಿದ್ದದ್ದು ಒಂದೇ ಮಾತು: ‘ಇದ್ದಾರೆ. ಸ್ವಲ್ಪ ಇರಿ.’ ಸ್ವಲ್ಪ ಇರಿ ಎಂದದ್ದಕ್ಕೆ ಆಕೆ ಬೆಂಚಿನ ಮೇಲೆ ಒಂದು ಗಂಟೆಯವರೆಗೆ ಇದ್ದು, ಎದ್ದು ಹೋಗುತ್ತಿದ್ದರು.

“ಕೈಯಲ್ಲಿ ಬರೆದುಕೊಡೋ ಹಾಗಿಲ್ಲ, ಯಂತ್ರ ಹೇಳಿದ್ದೇ ಹೇಳಿದ್ದು” ಎಂದರು ಸಾಹೇಬರು ಭಾವನಿಗೆ. “ತಿಂಗಳ ಕೊನೆಗೆ ಹೊಸ ಯಂತ್ರ ಬರುತ್ತೆ. ಇದು ಹೇಳಿದ್ದನ್ನೇ ಅದು ನಕಲು ಮಾಡ್ಕೊಳ್ಳುತ್ತೆ. ಇದು ಇದ್ದಾರೆ ಅಂದ್ರೆ ಅದೂ ಇದ್ದಾರೆ ಅನ್ನುತ್ತೆ. ಆಮೇಲೆ ಬ್ರಹ್ಮ ಬಂದ್ರೂ ಅವರನ್ನ ಸಾಯಿಸೋಕಾಗಲ್ಲ. ನಿಮಗೇನು, ಎರಡು ನಿಮಿಷದ ಕೆಲಸ.”

“ಎರಡು ನಿಮಿಷ ಸಾಲ್ದು ಸಾರ್...”

“ಹಾಗಾದ್ರೆ ನಾಲ್ಕು ತಗೊಳ್ಳಿ!”

ಸೋಮವಾರದಮ್ಮ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಮನೆ ಅವರ ಹೆಸರಲ್ಲಿದೆಯಪ್ಪ. ಹಿಂದಿನ ಗೋಡೆ ವಾಲಿದೆ. ಕೆಡವಿ ಕಟ್ಟಬೇಕು ಅಂದ್ರೆ ಯಜಮಾನರ ಸಹಿ ತನ್ನಿ ಅಂತಾರೆ, ಇಲ್ಲಾ ಯಜಮಾನರು ಇಲ್ಲ ಅಂತ ಚೀಟಿ ತನ್ನಿ ಅಂತಾರೆ. ನನ್ನ ಹತ್ರ ಎರಡೂ ಇಲ್ಲ.”

“ಈ ತಿಂಗಳಲ್ಲೇ ಕೊಡ್ತೀನಮ್ಮ” ಎಂದುಬಿಟ್ಟರು ಭಾವ.

ದೊಡ್ಡ ಗುಮಾಸ್ತರ ಮೇಜಿನ ಡ್ರಾಯರಿನಲ್ಲಿ ಅವರೇ ಕೈಯಲ್ಲಿ ಬರೆದಿಟ್ಟ ನೋಟುಪುಸ್ತಕವೊಂದಿತ್ತು. ಇನ್ನೂರ ಹನ್ನೊಂದು ಪುಟ. ಮರ್ಯಾದೆ ಕಲಿಯಬೇಕಾದರೆ ಅದೊಂದೇ ದಾರಿ. ಭಾವನ ತೊಂದರೆ ಏನೆಂದರೆ, ಅದೇ ತಿಂಗಳ ಕೊನೆಯ ಸೋಮವಾರ ಅವರ ಇಲಾಖಾ ಪರೀಕ್ಷೆಯೂ ಇತ್ತು. ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದಿದ್ದರು. ನಾಲ್ಕಕ್ಕಿಂತ ಹೆಚ್ಚು ಸಲ ಕೂರುವಂತಿಲ್ಲ. ಪಾಸಾದರೆ ಮೇಲಿನ ಹುದ್ದೆ, ಆಗದಿದ್ದರೆ ಜೀವನಪೂರ್ತಿ ಕಿಟಕಿ ಗುಮಾಸ್ತರೇ. ನಮ್ಮಕ್ಕ ಆ ಪರೀಕ್ಷೆಯ ದಿನಾಂಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದಳು.

ಒಂದು ಬೆಳಿಗ್ಗೆ ಭಾವ ನನ್ನನ್ನು ಕರೆದುಕೊಂಡು ಪಕ್ಕದ ಮನೆಯ ಟ್ಯೂಶನ್ ಮೇಷ್ಟ್ರ ಹತ್ತಿರ ಹೋದರು. ಹದಿನಾರು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿರುವವರು. ಯಾವ ಭಾಷೆ ಕಲಿತರೆ ಏನು ಲಾಭ ಎಂದು ಅವರ ನಾಲಿಗೆಯ ತುದಿಯಲ್ಲಿತ್ತು.

“ಈ ಭಾಷೆ ಎಷ್ಟು ಜನಕ್ಕೆ ಬರುತ್ತೆ?” ಎಂದರು ಮೇಷ್ಟ್ರು.

“ಒಬ್ಬರಿಗೆ.”

“ಅವರನ್ನೇ ಹಿಡ್ಕೊಳ್ಳಿ.”

“ತೀರ್ಕೊಂಡಿದಾರೆ.”

“ಎಷ್ಟು ಯಂತ್ರದಲ್ಲಿ ಓಡುತ್ತೆ?”

“ಒಂದರಲ್ಲಿ. ಅದೂ ತಿಂಗಳ ಕೊನೆಗೆ ಗುಜರಿಗೆ ಹೋಗುತ್ತೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. “ಸ್ವಾಮಿ, ದಂಡದ ಭಾಷೆಗಳನ್ನ ಬೇಕಾದಷ್ಟು ನೋಡಿದೀನಿ. ಆದ್ರೆ ಸ್ಮಶಾನದಲ್ಲಿ ಟ್ಯೂಶನ್ ತಗೊಳ್ಳೋರನ್ನ ಇವತ್ತೇ ನೋಡಿದ್ದು. ಸುಮ್ನೆ ಪರೀಕ್ಷೆಗೆ ಓದಿ.”

ಭಾವ ಒಪ್ಪಿದರು. ಮೇಷ್ಟ್ರ ಮನೆಯಿಂದ ರಸ್ತೆಗೆ ಇಳಿಯುವಷ್ಟು ಹೊತ್ತು ಪರೀಕ್ಷೆಗೆ ಓದುವುದೆಂದೇ ತೀರ್ಮಾನವಾಗಿತ್ತು. ಆದರೆ ಮಾತು ಕೊಟ್ಟ ಮೇಲೆ ಒಮ್ಮೆ ಗೋಡೆಯನ್ನಾದರೂ ನೋಡಿ ಬರಬೇಡವೇ ಎಂದು ಸೋಮವಾರದಮ್ಮನ ಮನೆಯ ಕಡೆ ತಿರುಗಿದರು.

ಗೋಡೆ ಬೀಳುವುದೊಂದೇ ಬಾಕಿ. ಎರಡು ಗಳ, ಒಂದು ಬೀರು ಆನಿಸಿ ನಿಲ್ಲಿಸಿದ್ದರು. ಬಿರುಕಿನಿಂದ ಹಿತ್ತಲಿನ ಬೆಳಕು ಒಳಗೆ ಬರುತ್ತಿತ್ತು. ಊಟದ ಮಣೆಯ ಮುಂದೆ ಒಂದು ತಟ್ಟೆ ಬೋರಲು ಹಾಕಿತ್ತು. ಅದರ ಮೇಲೆ ಒಂದಿಷ್ಟೂ ಧೂಳಿರಲಿಲ್ಲ.

“ಆವತ್ತು ಬೆಳಿಗ್ಗೆ ಗೋಡೆ ಮಾಡಿಸಿ ಅಂದೆ” ಎಂದರು ಆಕೆ. “ನೋಡೋಣ ಅಂದ್ರು. ಮೂರು ವರ್ಷದಿಂದ ನೋಡೋಣ ಅಂತಾನೇ ಇದ್ರು. ನಂಗೆ ಸಿಟ್ಟು ಬಂತು. ಬಾಗಿಲ ಹತ್ರ ನಿಂತು, ಬರ್ತೀನಿ ಅಂದ್ರು. ನಾನು ಮಾತಾಡ್ಲಿಲ್ಲ. ಇನ್ನೊಂದ್ಸಲ ಬರ್ತೀನಿ ಅಂದ್ರು. ಪಾತ್ರೆ ಕುಕ್ಕಿದೆ.”

ಹೊರಗೆ ಬಂದ ಭಾವ ನನ್ನ ಅಂಗಡಿಯವರೆಗೂ ನಡೆದರು. ಆಮೇಲೆ, “ಆ ನೋಟುಪುಸ್ತಕಕ್ಕೆ ಒಂದು ರಟ್ಟು ಹಾಕಿಕೊಡು, ಮೇಲೆ ಇಲಾಖಾ ಪರೀಕ್ಷೆ ಅಂತ ಬರಿ” ಎಂದರು.

ಹೀಗೆ ಭಾವ ಅಕ್ಕನ ಕಣ್ಣೆದುರೇ ಮರ್ಯಾದೆ ಕಲಿಯತೊಡಗಿದರು. ಗಂಡ ಇಷ್ಟು ಮೈಮರೆತು ಓದುವುದನ್ನು ಕಂಡಿರದ ಅಕ್ಕ ನೆರೆಯವರಿಗೆಲ್ಲ ‘ಶ್’ ಎಂದು ಹೇಳಿಬಂದಳು. ಮೊದಲ ಪುಟದಲ್ಲಿ ದೊಡ್ಡ ಗುಮಾಸ್ತರು ಬರೆದಿದ್ದರು: ‘ಈ ಕಿಟಕಿಗೆ ಬರುವವರಲ್ಲಿ ಅರ್ಧ ಜನ ಅತ್ತು ಬಂದಿರುತ್ತಾರೆ. ಅಂಥವರಿಗೆ ಇಲ್ಲ, ಹೋಗಿ, ಮುಗಿಯಿತು ಎಂಬ ಮಾತು ನನ್ನ ಯಂತ್ರದ ಬಾಯಿಂದ ಬರಬಾರದು.’ ಆದ್ದರಿಂದ ಮರ್ಯಾದೆಯಲ್ಲಿ ‘ಇಲ್ಲ’ ಎಂಬ ಪದವೇ ಇರಲಿಲ್ಲ. ಹೌದು ಎನ್ನಲು ‘ಹೂಂ’. ಅಲ್ಲ ಎನ್ನಲು ‘ನೋಡೋಣ’. ಮಾಡಿದ್ದನ್ನೇ ಮತ್ತೆ ಮಾಡಬೇಕಾದರೆ ‘ಇನ್ನೊಂದ್ಸಲ ಹೇಳಿ’. ಕೆಲಸ ಮುಗಿಸಿ ಏಳುವಾಗ ‘ಬರ್ತೀನಿ’.

ಎರಡನೆಯ ವಾರದಲ್ಲಿ ಅದು ಭಾವನ ನಾಲಿಗೆಗೆ ಹತ್ತಿತು.

“ಸೊಪ್ಪು ತಂದ್ರಾ?” ಎಂದಳು ಅಕ್ಕ.

“ನೋಡೋಣ.”

“ನೋಡೋದೇನು? ಚೀಲದಲ್ಲಿದೆಯೋ ಇಲ್ವೋ?”

“ಸ್ವಲ್ಪ ಇರಿ.”

“ನನ್ನನ್ನ ಯಾವಾಗಿಂದ ಬಹುವಚನದಲ್ಲಿ ಕರೀತೀರಿ ನೀವು?”

“ಇನ್ನೊಂದ್ಸಲ ಹೇಳಿ.”

ಅಕ್ಕ ನನ್ನನ್ನು ಮೂಲೆಗೆ ಎಳೆದುಕೊಂಡು ಹೋಗಿ, “ಇವರಿಗೆ ಏನೋ ಮೆಟ್ಟಿಕೊಂಡಿದೆ ಕಣೋ” ಎಂದಳು. ನಾನು ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಏಕೆಂದರೆ ಆ ದಿನ ಕಚೇರಿಯಲ್ಲಿ ನಾನೇ ನೋಡಿದ್ದೆ. ಭಾವ ಎಡಗೈಯ ಎರಡು ಬೆರಳು ಕಿವಿಯ ಹಿಂದೆ ಇಟ್ಟುಕೊಂಡು, ಒಂದು ಕಾಲು ಚಪ್ಪಲಿಯಿಂದ ಹೊರಗೆ ತೆಗೆದು ಕೂತಿದ್ದರು. ಹಾಗೆ ಅವರು ಎಂದೂ ಕೂತವರಲ್ಲ. ಬೆಂಚಿನ ಮೇಲಿದ್ದ ಸೋಮವಾರದಮ್ಮ ಎದ್ದು ನಿಂತು, “ಅವರೂ ಹೀಗೇ ಕೂರ್ತಿದ್ರು” ಎಂದರು. ರೆಕಾರ್ಡಿನವರು ಅರ್ಧ ದಿನದ ರಜೆ ಬರೆದುಕೊಟ್ಟು ಹೋದರು. ರಜೆಯ ಕಾರಣ ಎಂಬಲ್ಲಿ ‘ಭಯ’ ಎಂದು ಬರೆದಿದ್ದರು. ಸಾಹೇಬರು ಮರುಮಾತಿಲ್ಲದೆ ಸಹಿ ಹಾಕಿದರು.

ಒಂದು ಗಂಟೆಗೆ ಪ್ರಿಂಟರು ಊಟ ಆಯ್ತಾ ಎಂದು ಕೇಳುವುದು, ಭಾವ ಆಯ್ತು ನಿಮ್ದು ಎನ್ನುವುದು, ಅದು ಆಗ್ಬೇಕು ಎನ್ನುವುದು ದಿನವೂ ನಡೆಯಿತು. ಒಮ್ಮೆ ಭಾವ ಪಾಪ ಎನಿಸಿ, ‘ಬನ್ನಿ, ಒಟ್ಟಿಗೆ ಮಾಡೋಣ’ ಎಂದು ಒತ್ತಿಬಿಟ್ಟರು. ಯಂತ್ರ ‘ನೋಡೋಣ’ ಎಂದಿತು. ನೋಡೋಣ ಎಂದರೆ ಇಲ್ಲ ಎಂದರ್ಥ ತಾನೆ ಎಂದು ನಾನು ನಾಲ್ಕು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಕೊನೆಯ ಸೋಮವಾರ. ಹತ್ತು ಗಂಟೆಗೆ ಪರೀಕ್ಷೆ, ಹನ್ನೆರಡಕ್ಕೆ ಹೊಸ ಯಂತ್ರದವರು ಬರುವವರಿದ್ದರು. ಅಕ್ಕ ಹೊಸ ಪೆನ್ನು ಜೇಬಿಗೆ ಸಿಕ್ಕಿಸಿ ಭಾವನನ್ನು ಕಳಿಸಿಕೊಟ್ಟಳು. ಹತ್ತೂವರೆಗೆ ನೋಡಿದರೆ ಅವರು ನನ್ನ ಅಂಗಡಿಯ ಮುಂದೆ ನಿಂತಿದ್ದಾರೆ. ಪೆನ್ನು ಜೇಬಿನಲ್ಲೇ ಇತ್ತು.

“ಭಾವ! ಪರೀಕ್ಷೆ?”

“ನೋಡೋಣ” ಎಂದರು ಭಾವ. ನನಗೆ ಅರ್ಥವಾಯಿತು. ಅವರು ನೋಟುಪುಸ್ತಕದ ಕೊನೆಯ ಪುಟ ತೆರೆದು ನನ್ನ ಮುಂದೆ ಹಿಡಿದರು. ಅಲ್ಲಿದ್ದದ್ದು ಎರಡೇ ಸಾಲು: ‘ಯಾರಾದರೂ ಬರ್ತೀನಿ ಎಂದರೆ, ಹೋಗ್ಬನ್ನಿ ಎಂದು ಹೇಳುವ ತನಕ ಅವರು ಹೋದರೆಂದು ತಿಳಿಯಬೇಡ. ಅವರು ಇನ್ನೂ ಬಾಗಿಲಲ್ಲೇ ಇದ್ದಾರೆ.’

ನಾವಿಬ್ಬರೂ ರಸ್ತೆಯಾಚೆಗೆ ನೋಡಿದೆವು. ಕಚೇರಿಯ ಬಾಗಿಲು ಒಂದು ಗೇಣು ತೆರೆದು ನಿಂತಿತ್ತು. ಆರು ವರ್ಷದಿಂದ ಆ ಬಾಗಿಲಲ್ಲಿ ಎಷ್ಟು ಸಲ ಯಾರನ್ನು ಉಜ್ಜಿಕೊಂಡು ಒಳಗೆ ಹೊರಗೆ ಓಡಾಡಿದ್ದೇನೋ ಎಂದು ಲೆಕ್ಕ ಹಾಕತೊಡಗಿದೆ.

ಒಳಗೆ ಹೋಗುವಾಗ ಭಾವ ಮೈಯನ್ನು ಓರೆ ಮಾಡಿಕೊಂಡು, “ಕ್ಷಮಿಸಿ” ಎಂದು ದಾಟಿದರು. ನಾನೂ ಹಾಗೇ ದಾಟಿದೆ. ನೋಡಿದ ಸಾಹೇಬರು ಯಾಕೆಂದು ಕೇಳಿದರು, ಭಾವ ಹೇಳಿದರು, ಸಾಹೇಬರು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡರು.

ಭಾವ ಯಂತ್ರದ ಮುಂದೆ ಕೂತು ದೊಡ್ಡ ಗುಮಾಸ್ತರ ಹೆಸರು ಕರೆದರು. ಪ್ರಿಂಟರು ‘ಇದ್ದಾರೆ. ಸ್ವಲ್ಪ ಇರಿ’ ಎಂದಿತು. ಭಾವ ‘ಹೋಗ್ಬನ್ನಿ’ ಎಂದು ಒತ್ತಿದರು.

‘ಯಾರು ಹೇಳ್ತಿರೋದು?’ ಎಂದಿತು ಅದು.

ಭಾವ ತಮ್ಮ ಹೆಸರು, ಹುದ್ದೆ, ಸಿಬ್ಬಂದಿ ಸಂಖ್ಯೆ ಎಲ್ಲ ಕೊಟ್ಟರು.

‘ನೋಡೋಣ.’

ಸಾಹೇಬರು ದೂರದಿಂದಲೇ ತಮ್ಮ ಹುದ್ದೆಯನ್ನೂ ಹೇಳಿ ನೋಡಲು ಆಜ್ಞೆ ಮಾಡಿದರು. ಯಂತ್ರ ಅದಕ್ಕೂ ‘ನೋಡೋಣ’ ಎಂದಿತು. ಸರಕಾರಿ ಕೆಲಸದಲ್ಲಿ ಆ ಮಾತನ್ನು ಜೀವನವೆಲ್ಲ ಬೇರೆಯವರಿಗೆ ಹೇಳಿ ಬಂದಿದ್ದ ಸಾಹೇಬರ ಮುಖ ಸಣ್ಣದಾಯಿತು.

ಭಾವ ಎದ್ದು ಬೆಂಚಿನ ಹತ್ತಿರ ಹೋದರು. “ಅಮ್ಮ, ಆವತ್ತು ಅವರು ಬರ್ತೀನಿ ಅಂದಿದ್ದು ನಿಮಗೆ. ಹೋಗ್ಬನ್ನಿ ಅಂತ ನಾವು ಹೇಳಿದ್ರೆ ಆಗಲ್ಲ.”

ಸೋಮವಾರದಮ್ಮ ಗಂಡನ ಕುರ್ಚಿಯ ತುದಿಯ ಮೇಲೆ ಕೂತರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹೋಗ್ಬನ್ನಿ.

‘ಯಾರು ಹೇಳ್ತಿರೋದು?’

ಆಕೆ ಹೆಸರು ಒತ್ತಲಿಲ್ಲ. ಬಾಗಿಲ ಹೊರಗೆ ನಿಂತು ಮನೆಯವರಿಗೆ ಹೇಳುವ ಹಾಗೆ ಎರಡೇ ಅಕ್ಷರ ಒತ್ತಿದರು: ‘ನಾನು.’

ರೆಕಾರ್ಡಿನವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ‘ಹೂಂ’ ಎಂಬ ಒಂದು ಅಕ್ಷರ ಬಂತು. ಅದರ ಹಿಂದೆಯೇ, ಕರಕರ ಎಂದು, ಮರಣ ಪತ್ರ ಹೊರಗೆ ಬಂತು. ನಮ್ಮೆಲ್ಲರ ಬೆನ್ನ ಹಿಂದೆ ಮುಂಬಾಗಿಲು, ಯಾರೋ ಒಳಗಿನವರಿಗೆ ಸದ್ದಾಗದಂತೆ ಎಳೆದುಕೊಂಡು ಹೋದ ಹಾಗೆ, ಮೆಲ್ಲಗೆ ಮುಚ್ಚಿಕೊಂಡಿತು. ಓಡಿಹೋಗಲು ತಿರುಗಿದ ರೆಕಾರ್ಡಿನವರು, ಆರು ವರ್ಷದ ಅಭ್ಯಾಸದಂತೆ ಬಾಗಿಲು ತೆರೆದೇ ಇರುತ್ತದೆಂದು ನಂಬಿ, ಅದಕ್ಕೆ ಹಣೆ ಕುಟ್ಟಿಕೊಂಡರು.

ಸಾಹೇಬರು ಪತ್ರ ತೆಗೆದು ಓದಿದವರೇ ಕೂಗಿಕೊಂಡರು. “ತಪ್ಪು! ತಪ್ಪು! ಇವತ್ತಿನ ತಾರೀಖು ಹಾಕಿದೆ! ಹನ್ನೊಂದು ಗಂಟೆ ಹತ್ತು ನಿಮಿಷ ಅಂತಿದೆ! ಆರು ವರ್ಷದ ಹಿಂದೆ ಹೋದವರು...”

“ಸರಿಯಾಗೇ ಇದೆ ಸಾರ್” ಎಂದರು ಸೋಮವಾರದಮ್ಮ, ಪತ್ರವನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತಾ. “ಇವತ್ತೇ ಹೋಗಿದ್ದು.”

ಅದಕ್ಕೆ ಮೂರು ಪ್ರತಿ ನಾನೇ ತೆಗೆದುಕೊಟ್ಟೆ. ಹೊಸ ಯಂತ್ರದವರು ಹನ್ನೆರಡಕ್ಕೆ ಬಂದು ಇದ್ದದ್ದನ್ನು ನಕಲು ಮಾಡಿಕೊಂಡರು. ಒಂದು ಗಂಟೆಯಾಯಿತು. ಪ್ರಿಂಟರು ಏನೂ ಕೇಳಲಿಲ್ಲ. ಭಾವ ಡಬ್ಬಿ ಬಿಚ್ಚಿಕೊಂಡು ಅದರ ಕಡೆ ನೋಡುತ್ತ ಕೂತೇ ಇದ್ದರು. ಆ ಮೌನ ಎಷ್ಟು ಭಾರವಾಯಿತೆಂದರೆ ಕೊನೆಗೆ ರೆಕಾರ್ಡಿನವರೇ ತಡೆಯಲಾರದೆ, ಹಣೆ ಸವರಿಕೊಳ್ಳುತ್ತಾ, “ಊಟ ಆಯ್ತಾ?” ಎಂದು ಭಾವನನ್ನು ಕೇಳಿದರು. ಅಂದು ಅವರು ಒಳಗೇ ಕೂತು ಉಂಡರು.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪರೀಕ್ಷೆಯ ಕೋಣೆಯಲ್ಲಿ ಒಂದು ಬೆಂಚು ಖಾಲಿ ಇತ್ತೆಂಬ ಸುದ್ದಿಯನ್ನು ಟ್ಯೂಶನ್ ಮೇಷ್ಟ್ರು ಸಂಜೆಯೇ ಅಕ್ಕನಿಗೆ ಮುಟ್ಟಿಸಿದ್ದರು. ಅಕ್ಕ ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ತಾರೀಖನ್ನು ಒರೆಸಿದಳು. ಅವಳು ಕಿರುಚಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಡಬ್ಬಿ ಹಿಡಿದು ಒಂದು ಕಾಲು ಹೊಸ್ತಿಲ ಆಚೆ ಇಟ್ಟು, “ಬರ್ತೀನಿ” ಎಂದರು.

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು.

ಭಾವ ಅಲ್ಲೇ ನಿಂತರು. ಇನ್ನೊಂದು ಕಾಲು ಏಳಲಿಲ್ಲ. ಒಂಬತ್ತೂವರೆಯಾಯಿತು, ಹತ್ತಾಯಿತು. ಆಚೆ ಮನೆಯವರು ಎಣ್ಣೆ ಹಾಕಿಕೊಡಲೇ, ಕಾಲು ಹಿಡಿದುಕೊಂಡಿದೆಯೇ ಎಂದು ಕೇಳಿದರು. ಮೇಷ್ಟ್ರು ಬೇಲಿಯ ಮೇಲಿನಿಂದ, “ಯಾಕೆ ಸ್ವಾಮಿ, ಒಳಗೂ ಇಲ್ಲ ಹೊರಗೂ ಇಲ್ಲ?” ಎಂದರು. “ಸ್ವಲ್ಪ ಇರಿ” ಎಂದರು ಭಾವ. ಬೆಳಗಿನ ಬಿಸಿಲಿನಲ್ಲಿ ಅವರ ನೆರಳು ಹೊಸ್ತಿಲ ಮೇಲೆ ಬಿದ್ದಿತ್ತು. ಅದು ಕದಲದೆ ಇರುವುದನ್ನು ನೋಡಿ ನನಗೆ ಇನ್ನು ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿ ಅಕ್ಕನಿಗೆ ಗೋಡೆ, ತಟ್ಟೆ, ಬಾಗಿಲು, ಎಲ್ಲವನ್ನೂ ಹೇಳಿದೆ.

ಅಕ್ಕ ಕೇಳಿ ಮುಗಿಸಿದಳು. ಒಲೆ ಸಣ್ಣದು ಮಾಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು. ಕಣ್ಣು ತುಂಬಿತ್ತು, ಆದರೂ ಸೋಲುವವಳಲ್ಲ.

“ಇನ್ನೊಂದ್ಸಲ ಹೇಳಿ” ಎಂದಳು.

“ಬರ್ತೀನಿ.”

“ಹೂಂ. ಹೋಗ್ಬನ್ನಿ. ಮುಂದಿನ ಗೇಟು ಹಾಕ್ಕೊಂಡು ಹೋಗಿ.”

ಹೆಂಡತಿಗೆ ಮರ್ಯಾದೆ ಕಡಿಮೆ ಎಂದು ಸಾಹೇಬರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಭಾವ ನನಗೆ ಕಣ್ಣಲ್ಲೇ ಹೇಳಿದರು. ಆಮೇಲೆ ಇನ್ನೊಂದು ಕಾಲನ್ನೂ ಹೊರಗಿಟ್ಟರು.